ಒಂದು ಶನಿವಾರ, ಹದಿನಾರು ಅಧ್ಯಾಯ

ಶನಿವಾರ ಬೆಳಗ್ಗೆ ಎಂಟೂವರೆಗೆ ಚರ್ಚಿನ ಹಿಂದಿನ ಹಾಲಿನ ಬೀಗ ತೆಗೆದಲ್ಲಿಂದ ಈ ದಿನ ಶುರು. ಮಕ್ಕಳು ಬರುವುದು ಒಂಬತ್ತೂವರೆಗೆ. ನಡುವಿನ ಒಂದು ಗಂಟೆಯಲ್ಲಿ ಸಾಲಾಗಿದ್ದ ಕುರ್ಚಿಗಳನ್ನು ಎತ್ತಿ ದುಂಡಗೆ ಇಡಬೇಕು, ಮುಂದಿನ ಮೇಜನ್ನೂ ಮೈಕನ್ನೂ ಒಳಗಿನ ಕೋಣೆಗೆ ಸಾಗಿಸಬೇಕು. ಮೈಕ್ ಕಣ್ಣಿಗೆ ಬಿದ್ದರೆ ಯಾರಾದರೊಬ್ಬರು ಪ್ರಸಂಗ ಶುರುಮಾಡುತ್ತಾರೆ, ಉಳಿದವರು ಕೈಕಟ್ಟಿ ಕೇಳುತ್ತಾರೆ. ಇವತ್ತು ಪ್ರಸಂಗವಿಲ್ಲ. ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ನಾಲ್ಕು ಪುಸ್ತಕಗಳಲ್ಲೊಂದಾದ ಮಾರ್ಕನ ಸುವಾರ್ತೆಯನ್ನು ಮೊದಲಿನಿಂದ ಕೊನೆಯವರೆಗೆ ವಿದ್ಯಾರ್ಥಿಗಳೇ ಕನ್ನಡದಲ್ಲಿ ಗಟ್ಟಿಯಾಗಿ ಓದುವ ದಿನ.

ಬೆಂಗಳೂರಿಗೆ ಓದಲು ಬರುವ ಕ್ರೈಸ್ತ ಮಕ್ಕಳಿಗೆ ಸತ್ಯವೇದ, ಅಂದರೆ ಬೈಬಲ್, ಹೊಸದಲ್ಲ. ಆದರೆ ಬಹಳ ಮಂದಿಗೆ ಅದು ತುಣುಕು ತುಣುಕಾಗಿಯೇ ಗೊತ್ತು. ಸಂಡೇ ಸ್ಕೂಲಿನಲ್ಲಿ ಕೇಳಿದ ಒಂದು ಕಥೆ, ಭಾನುವಾರದ ಆರಾಧನೆಯಲ್ಲಿ ಹತ್ತು ವಚನ, ಬೆಳಗ್ಗೆ ವಾಟ್ಸಾಪಿಗೆ ಬರುವ ವಾಗ್ದಾನದ ವಚನ. ಹಾಸ್ಟೆಲಿನಲ್ಲಿ ಪಕ್ಕದ ಮಂಚದವನು ‘ನಿಮ್ಮ ಯೇಸು ನಿಜವಾಗಿ ಏನು ಹೇಳಿದರು’ ಎಂದು ಕೇಳಿದಾಗ ಈ ತುಣುಕುಗಳು ಒಂದಕ್ಕೊಂದು ಕೂಡುವುದಿಲ್ಲ. ಒಂದು ಸುವಾರ್ತೆಯನ್ನು ಒಂದೇ ದಿನದಲ್ಲಿ, ಸ್ವಂತ ಬಾಯಿಂದ ಓದಿ ಮುಗಿಸಿದವರಿಗೆ ಆ ಕಷ್ಟ ಅಷ್ಟಾಗಿ ಕಾಡುವುದಿಲ್ಲ. ವಿದ್ಯಾರ್ಥಿಗಳ ನಡುವಿನ ನಮ್ಮ ಕೆಲಸವೆಲ್ಲ ನಿಂತಿರುವುದು ಈ ನಂಬಿಕೆಯ ಮೇಲೆ.

ಮಾರ್ಕನನ್ನೇ ಆರಿಸಿಕೊಳ್ಳಲು ಕಾರಣ ಅವನ ಉದ್ದ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು: 16 ಅಧ್ಯಾಯ, 678 ವಚನ. ಅವಸರವಿಲ್ಲದೆ ಕನ್ನಡದಲ್ಲಿ ಓದಿದರೆ ಎರಡು ಗಂಟೆಯ ಆಚೀಚೆ. ಒಂದೇ ಉಸಿರಿಗೆ ಓದಿಸಬಾರದು. ನಲವತ್ತು ನಿಮಿಷ ದಾಟಿದ ಮೇಲೆ ಕಣ್ಣು ಮೊಬೈಲಿನ ಕಡೆ ಹೋಗುತ್ತದೆ. ಮೂರನೆಯ ಅಧ್ಯಾಯ ಮುಗಿದಾಗ ಎದ್ದು ನಿಂತು ಒಂದು ಹಾಡು, ಆರನೆಯದು ಮುಗಿದಾಗ ಚಹಾ. ಬೆಳಗಿನ ಓದು 8ನೇ ಅಧ್ಯಾಯದ 30ನೇ ವಚನಕ್ಕೆ ನಿಲ್ಲಬೇಕು. ಯೇಸು ಶಿಷ್ಯರನ್ನು ‘ನೀವು ನನ್ನನ್ನು ಯಾರೆನ್ನುತ್ತೀರಿ’ ಎಂದು ಕೇಳುವುದು, ಪೇತ್ರ ಉತ್ತರ ಕೊಡುವುದು ಅಲ್ಲಿಯೇ. ಮುಂದಿನ ವಚನದಿಂದ ಕಥೆ ಶಿಲುಬೆಯ ಕಡೆ ತಿರುಗುತ್ತದೆ. ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ಮಕ್ಕಳು ಊಟಕ್ಕೆ ಏಳಲಿ.

ಯಾರು ಎಲ್ಲಿ ಓದಬೇಕೆಂಬುದನ್ನು ಗುರುವಾರವೇ ಹೇಳಿಬಿಡಬೇಕು. ಅಧ್ಯಾಯಕ್ಕೊಬ್ಬರು ಎಂದು ಹಂಚಿದರೆ ಅನ್ಯಾಯವಾಗುತ್ತದೆ. 14ನೆಯದರಲ್ಲಿ 72 ವಚನ, 16ನೆಯದರಲ್ಲಿ ಬರೀ 20. ಇಪ್ಪತ್ತೈದು ಮೂವತ್ತು ವಚನದಂತೆ, ಕಥೆ ಮುರಿಯದ ಜಾಗ ನೋಡಿ ಹಂಚಿದರೆ ಇಪ್ಪತ್ತನಾಲ್ಕು ಮಂದಿಗೆ ಸರಿಹೋಗುತ್ತದೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ಮಕ್ಕಳು ಕನ್ನಡ ಚೆನ್ನಾಗಿ ಮಾತಾಡಿದರೂ ಒತ್ತಕ್ಷರ ಬಂದಲ್ಲಿ ಎಡವುತ್ತಾರೆ. ಹಳೆಯ ಭಾಷಾಂತರದ ‘ಹೇಳಿದ್ದೇನಂದರೆ’ ಎಂಬ ಧಾಟಿ ಅವರ ನಾಲಿಗೆಗೆ ಬಂದದ್ದಲ್ಲ. ಎಲ್ಲರೆದುರು ಒಮ್ಮೆ ನಾಚಿಕೆಯಾದರೆ ಅವರು ಮುಂದಿನ ಸಲ ಬರುವುದಿಲ್ಲ. ಅಂಥವರಿಗೆ ಐದಾರು ವಚನದ ಸಂಭಾಷಣೆ ಕೊಡಬೇಕು, ಎರಡು ದಿನ ಮೊದಲೇ ಕೊಡಬೇಕು. ಓದುವಾಗ ಯಾರೂ ಬಾಯಿ ಹಾಕಿ ತಿದ್ದಬಾರದು. ಕೋಲಾರದ ಹುಡುಗಿಯ ಕನ್ನಡದಲ್ಲಿ ತೆಲುಗಿನ ಎಳೆತ ಇರುತ್ತದೆ, ಬೀದರಿನವನ ಕನ್ನಡಕ್ಕೆ ಬೇರೆಯದೇ ಬಿರುಸು ಇರುತ್ತದೆ. ಯೇಸು ಓಡಾಡಿದ ಗಲಿಲಾಯ ಸೀಮೆಯ ಹಳ್ಳಿಗರ ಕಥೆಗೆ ಇವೆರಡೂ ಒಪ್ಪುತ್ತವೆ.

ಮೊಬೈಲಿನಲ್ಲಿ ಓದಿಸಿದರೆ ಕೆಡುತ್ತದೆ. ಒಬ್ಬರ ಫೋನಿನಲ್ಲಿ ಒಂದು ಭಾಷಾಂತರ, ಇನ್ನೊಬ್ಬರದರಲ್ಲಿ ಮತ್ತೊಂದು. ಕಿವಿ ಕೇಳಿದ್ದು ಕಣ್ಣಿಗೆ ಸಿಗುವುದಿಲ್ಲ. ಭಾರತೀಯ ಸತ್ಯವೇದ ಸಂಘದವರು ಸುವಾರ್ತೆಗಳನ್ನು ಬಿಡಿ ಪುಸ್ತಕಗಳಾಗಿಯೂ ತರುತ್ತಾರೆ. ಅಂಥ ಒಂದೇ ಮುದ್ರಣದ ಪ್ರತಿಗಳನ್ನು ಎಲ್ಲರ ಕೈಗೂ ಕೊಡುವುದು ವಾಸಿ. ಕಥೋಲಿಕ ಮಕ್ಕಳು ತಮ್ಮ ಬೈಬಲ್ ತಂದಿದ್ದರೆ ಅದರಲ್ಲಿ ‘ಸುವಾರ್ತೆ’ ಎನ್ನುವಲ್ಲಿ ‘ಶುಭಸಂದೇಶ’ ಎಂದಿರುತ್ತದೆ, ಒಟ್ಟು ಗ್ರಂಥಗಳೂ 66 ಅಲ್ಲ, 73. ಪುಟದ ಸಂಖ್ಯೆ ಹೇಳಬೇಡಿ, ಅಧ್ಯಾಯ-ವಚನ ಹೇಳಿ. ಸಣ್ಣ ವಿಷಯ ಅನ್ನಿಸಬಹುದು. ಆದರೆ ‘ನಿನ್ನದು ಬೇರೆ ಬೈಬಲ್ಲಾ’ ಎಂಬ ಒಂದು ಮಾತು ಸಾಕು, ಆ ಮಗು ಇಡೀ ದಿನ ಮೂಲೆಯಲ್ಲಿ ಕೂತಿರುತ್ತದೆ.

ಕ್ರೈಸ್ತರಲ್ಲದ ಗೆಳೆಯರೂ ಒಬ್ಬಿಬ್ಬರು ಬರುತ್ತಾರೆ, ಬರಲಿ. ಅವರನ್ನು ಕರೆಯುವಾಗ ಮುಚ್ಚುಮರೆ ಇರಬಾರದು. ‘ವ್ಯಕ್ತಿತ್ವ ವಿಕಸನ ಶಿಬಿರ’ ಎಂದು ಬರೆದು ಒಳಗೆ ಸತ್ಯವೇದ ತೆರೆಯುವುದು ಸುಳ್ಳು. ಸುವಾರ್ತೆಯನ್ನು ಸುಳ್ಳಿನ ಮೇಲೆ ನಿಲ್ಲಿಸಲಾಗದು. ‘ಮಾರ್ಕನ ಸುವಾರ್ತೆ ಓದುತ್ತೇವೆ, ಪ್ರಾರ್ಥನೆ ಇರುತ್ತದೆ, ನಾಲ್ಕೂವರೆಗೆ ಮುಗಿಯುತ್ತದೆ’ ಎಂದು ಕರೆಯೋಲೆಯಲ್ಲೇ ಬರೆಯುತ್ತೇವೆ. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಅದು ಕರೆಯುವವರದ್ದು ಎಷ್ಟೋ ಬಂದು ಕೂತವರದ್ದೂ ಅಷ್ಟೇ. 2022ರಲ್ಲಿ ಕರ್ನಾಟಕದಲ್ಲಿ ಬಂದ ಕಾಯ್ದೆ ಬಲವಂತ, ವಂಚನೆ, ಆಮಿಷಗಳಿಂದಾಗುವ ಮತಾಂತರವನ್ನು ಅಪರಾಧವೆಂದಿತು. ಕಾಯ್ದೆ ಇರಲಿ ಬಿಡಲಿ, ಫೀಸು ಕಟ್ಟುತ್ತೇವೆ, ಕೆಲಸ ಕೊಡಿಸುತ್ತೇವೆ ಎನ್ನುವ ಮಾತು ಈ ಹಾಲಿನೊಳಗೆ ಸುಳಿಯಬಾರದು. ಹದಿನೆಂಟು ತುಂಬದ ಪಿಯುಸಿ ಮಕ್ಕಳಿದ್ದರೆ ಮನೆಯವರ ಒಪ್ಪಿಗೆ ಬರಹದಲ್ಲಿ ಬೇಕು. ಫೋಟೊ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುವುದಂತೂ ಬೇಡವೇ ಬೇಡ. ಯಾರ ಮನೆಯಲ್ಲಿ ಅದು ಏನು ಕಿಚ್ಚು ಹಚ್ಚುತ್ತದೋ ನಮಗೆ ತಿಳಿಯದು.

ಹತ್ತಕ್ಕೆ ಓದು ಹಿಡಿಯಿತು. ಮಾರ್ಕನ ಓಟ ಗೊತ್ತಾಗುವುದು ಗಟ್ಟಿಯಾಗಿ ಓದಿದಾಗಲೇ. ಗ್ರೀಕ್ ಮೂಲದಲ್ಲಿ ‘ತಕ್ಷಣ’ ಎಂಬರ್ಥದ ಒಂದೇ ಪದ ನಲವತ್ತರಷ್ಟು ಸಲ ಬರುತ್ತದೆ. ಕನ್ನಡದಲ್ಲಿ ಅದು ಕೂಡಲೆ, ಆ ಕ್ಷಣವೇ, ತಟ್ಟನೆ ಎಂದು ಚದುರಿಹೋಗಿದೆ. ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋಗಿ ಎಂದಾಗ ಮೊದಲ ಅಧ್ಯಾಯದಲ್ಲೇ ಪುಟ ಗೆರೆಗಳಿಂದ ತುಂಬಿತು.

ಹನ್ನೊಂದೂಕಾಲಕ್ಕೆ ಬೆಳಗಿನ ಓದು ಮುಗಿದ ಮೇಲೆ ಎಂಟೆಂಟು ಮಂದಿಯ ಮೂರು ಗುಂಪು. ಎಂಟು ಮೀರಿದರೆ ಇಬ್ಬರು ಮಾತಾಡಿ ಉಳಿದವರು ಸುಮ್ಮನಿರುತ್ತಾರೆ. ಮಾರ್ಕ 2ರ ಮೊದಲ ಹನ್ನೆರಡು ವಚನಗಳನ್ನು ಒಂದು ಎ-ಫೋರ್ ಹಾಳೆಗೆ, ಸಾಲುಗಳ ನಡುವೆ ಜಾಗ ಬಿಟ್ಟು, ಸುತ್ತ ಅಂಚು ಬಿಟ್ಟು ಮುದ್ರಿಸಿ ಕೊಟ್ಟಿರುತ್ತೇವೆ. ಮೊದಲ ಹದಿನೈದು ನಿಮಿಷ ಬರೀ ಕಂಡದ್ದನ್ನು ಹೇಳುವುದು: ಯಾರಿದ್ದಾರೆ, ಎಲ್ಲಿ, ಯಾವ ಮಾತು ಮತ್ತೆ ಮತ್ತೆ ಬಂತು. ಮುಂದಿನ ಇಪ್ಪತ್ತು ನಿಮಿಷ ಅದರ ಅರ್ಥ. ಕೊನೆಯ ಹದಿನೈದು ನಿಮಿಷ, ಈ ವಾರ ನನಗೇನು ಎಂಬುದು. ತಪ್ಪಾಗುವುದು ಯಾವಾಗಲೂ ಒಂದೇ ಕಡೆ. ಎರಡನೇ ನಿಮಿಷಕ್ಕೇ ಯಾರೋ ‘ದೇವರು ನನಗೆ ಇದರಿಂದ ಕಲಿಸಿದ್ದು’ ಎಂದು ಮೂರನೇ ಮೆಟ್ಟಿಲಿಗೆ ಹಾರುತ್ತಾರೆ. ಕಂಡದ್ದು ಗಟ್ಟಿಯಾಗದೆ ಅನ್ವಯಕ್ಕೆ ಹೋದರೆ ಯಾವ ವಚನ ಓದಿದರೂ ಒಂದೇ ಪಾಠ ಸಿಗುತ್ತದೆ: ನಂಬಿಕೆ ಇಡಬೇಕು, ಪ್ರಾರ್ಥನೆ ಮಾಡಬೇಕು. ನಡೆಸಿಕೊಡುವವರು ಆಗ ‘ಅದು ಹಾಳೆಯಲ್ಲಿ ಎಲ್ಲಿದೆ, ತೋರಿಸಪ್ಪಾ’ ಎಂದು ಮೆಲ್ಲಗೆ ವಾಪಸು ಕರೆದುಕೊಂಡು ಬರಬೇಕು.

ನಾಲ್ಕು ಮಂದಿ ಪಾರ್ಶ್ವವಾಯು ರೋಗಿಯೊಬ್ಬನನ್ನು ಹೊತ್ತು ತರುತ್ತಾರೆ. ಜನಜಂಗುಳಿಯಲ್ಲಿ ದಾರಿಯಿಲ್ಲ. ಮಾಳಿಗೆ ಹತ್ತಿ, ಚಾವಣಿ ಕಿತ್ತು, ಹಾಸಿಗೆ ಸಮೇತ ಇಳಿಸುತ್ತಾರೆ. ರಾಜಾಜಿನಗರದಲ್ಲಿ ಬೆಳೆದ ಹುಡುಗಿಗೆ ಇದು ಕಣ್ಣಿಗೆ ಕಟ್ಟಲಿಲ್ಲ. ಅವಳು ಕಂಡ ಚಾವಣಿಯೆಲ್ಲ ಆರ್‌ಸಿಸಿ. ಡ್ರಿಲ್ಲಿಂಗ್ ಮಷಿನ್ ಇಲ್ಲದೆ ಅದನ್ನು ಹೇಗೆ ತೆಗೆಯುವುದು ಎಂದು ಕೇಳಿದಳು. ಉತ್ತರ ಕೊಟ್ಟವನು ಬೀದರ್ ಕಡೆಯ ಹುಡುಗ, ಅಷ್ಟು ಹೊತ್ತೂ ಬಾಯಿ ಬಿಡದೆ ಕೂತಿದ್ದವನು. ‘ನಮ್ಮ ಅಜ್ಜನ ಮನಿ ಮ್ಯಾಲ್ಮುದ್ದಿ ಐತ್ರೀ’ ಎಂದು ಹಾಳೆಯ ಅಂಚಿನಲ್ಲಿ ಚಿತ್ರ ಬರೆಯತೊಡಗಿದ. ಕೆಳಗೆ ತೊಲೆ, ಅದರ ಮೇಲೆ ಅಡ್ಡಡ್ಡ ಜಂತಿ, ಜಂತಿ ಮೇಲೆ ಸಣ್ಣ ಕಟ್ಟಿಗೆ, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣು ಹಾಕಿ ತುಳಿದದ್ದು. ಸನಿಕೆಯಿಂದ ಮಣ್ಣು ಎಬ್ಬಿಸಿ ಎರಡು ಜಂತಿ ಸರಿಸಿದರೆ ಮನುಷ್ಯ ಇಳಿಯುವಷ್ಟು ಜಾಗ. ಆದರೆ ಕೆಳಗೆ ಕೂತವರ ತಲೆ ಮೇಲೆಲ್ಲ ಮಣ್ಣು ಬೀಳುತ್ತದೆ, ಮಳೆಗಾಲದೊಳಗೆ ಮತ್ತೆ ಮುಚ್ಚದಿದ್ದರೆ ಮನೆ ಸೋರುತ್ತದೆ.

ಯೇಸುವಿನ ಕಾಲದ ಗಲಿಲಾಯದ ಸಾಧಾರಣ ಮನೆಯ ಚಾವಣಿಯೂ ಹೆಚ್ಚುಕಡಿಮೆ ಹೀಗೇ: ತೊಲೆ, ರೆಂಬೆ, ಜೊಂಡು, ಮೇಲೆ ಮಣ್ಣಿನ ಗಿಲಾವು, ಹತ್ತಲು ಹೊರಗಿನಿಂದ ಮೆಟ್ಟಿಲು. ವ್ಯಾಖ್ಯಾನದ ದಪ್ಪ ಪುಸ್ತಕದಲ್ಲಿರುವುದನ್ನು ಆ ಹುಡುಗ ಅಜ್ಜನ ಮನೆಯಿಂದ ತಂದಿದ್ದ. ಗುಂಪಿನ ಮಾತು ಅಲ್ಲಿಂದ ಬೇರೆಯೇ ಆಯಿತು. ಮಣ್ಣು ಬೀಳುವಾಗ ಯೇಸು ಮಾತು ನಿಲ್ಲಿಸಿರಬೇಕು. ಮನೆಯ ಯಜಮಾನ ಏನಂದಿರಬೇಕು? ಐದನೇ ವಚನದಲ್ಲಿ ಯೇಸು ನೋಡಿದ್ದು ‘ಅವರ’ ನಂಬಿಕೆಯನ್ನು. ಹೊತ್ತು ತಂದವರದ್ದೂ ಅದರಲ್ಲಿದೆಯಲ್ಲ? ನನ್ನ ರೂಮ್‌ಮೇಟ್ ಪ್ರಾರ್ಥನೆ ಮಾಡುವ ಸ್ಥಿತಿಯಲ್ಲಿಲ್ಲ, ಅವನ ಪರವಾಗಿ ನಾನು ನಂಬಬಹುದೇ? ಈ ಕೊನೆಯ ಪ್ರಶ್ನೆ ಬಂದಾಗ ದೊಡ್ಡವರು ಉತ್ತರ ಕೊಡಲು ಬಾಯಿ ತೆರೆಯುತ್ತಾರೆ. ತೆರೆಯಬಾರದು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ತಡೆದರೆ ಮಕ್ಕಳೇ ಮಾತು ಮುಂದುವರಿಸುತ್ತಾರೆ.

ವಿದ್ಯಾರ್ಥಿಗಳೇ ನಡೆಸಬೇಕು, ಪದವೀಧರರು ಹಿಂದೆ ನಿಂತು ನೆರವಾಗಬೇಕು ಎಂಬುದು ಈ ಸೇವೆಯಲ್ಲಿ ಹಳೆಯ ರೂಢಿ. 1954ರಲ್ಲಿ ಹುಟ್ಟಿದ, ಭಾರತದ ಕ್ರೈಸ್ತ ವಿದ್ಯಾರ್ಥಿಗಳ ಸಂಘಟನೆಯಾದ ಯುಇಎಸ್‌ಐ ಕಾಲೇಜುಗಳಲ್ಲಿ ಬೆಳೆದದ್ದು ಹೀಗೆಯೇ. ಅದಕ್ಕೂ ಹಿಂದೆ, 1895ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ಜಾಗತಿಕ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟವನ್ನು ಕಟ್ಟಿದವರೂ ವಿದ್ಯಾರ್ಥಿಗಳ ನಡುವಿನವರೇ. ಪದವಿ ಮೂರು ನಾಲ್ಕು ವರ್ಷದಲ್ಲಿ ಮುಗಿಯುತ್ತದೆ. ಎಲ್ಲವನ್ನೂ ಒಬ್ಬ ಅಣ್ಣನೇ ಹೊತ್ತುಕೊಂಡಿದ್ದರೆ ಅವನು ಕೆಲಸ ಸಿಕ್ಕಿ ಊರು ಬಿಟ್ಟ ದಿನ ಗುಂಪೂ ಮುಗಿಯುತ್ತದೆ. ಎರಡನೇ ವರ್ಷದವರ ಕೈಗೆ ಈಗಲೇ ಹಾಳೆ ಕೊಡಬೇಕು.

ಊಟಕ್ಕೆ ಎರಡೂವರೆ ಕೆಜಿ ಅಕ್ಕಿಯ ತರಕಾರಿ ಪಲಾವ್, ಮೊಸರು ಬಜ್ಜಿ. ಸಸ್ಯಾಹಾರವೇ ಇದ್ದರೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಬಹುದು. ಚಹಾಕ್ಕೆ ಎರಡು ಲೀಟರ್ ಹಾಲು, ಒಂದು ಲೀಟರ್ ನೀರು. ಖರ್ಚಿಗೆ ತಲೆಗೆ ನೂರು ರೂಪಾಯಿ. ಬಾಗಿಲ ಬಳಿ ಮುಚ್ಚಿದ ಡಬ್ಬಿ ಇಡುತ್ತೇವೆ, ಯಾರು ಹಾಕಿದರು ಯಾರು ಹಾಕಲಿಲ್ಲ ಎಂದು ನೋಡುವುದಿಲ್ಲ. ಪಿಜಿ ಬಾಡಿಗೆ ಕಟ್ಟಿ ತಿಂಗಳ ಕೊನೆಗೆ ಕೈ ಖಾಲಿಯಾದವರೂ ತಲೆಯೆತ್ತಿ ಊಟ ಮಾಡಬೇಕು.

ಮಧ್ಯಾಹ್ನ ಎರಡಕ್ಕೆ ಮತ್ತೆ ಓದು. ಊಟವಾದ ಮೇಲೆ ಕಣ್ಣು ಎಳೆಯುತ್ತದೆ, ಅದಕ್ಕೇ ಮೊದಲು ಒಂದು ಹಾಡು, ಶ್ರುತಿ ಒಂದು ಮನೆ ಇಳಿಸಿ. ಗಿಟಾರಿನವರು ತಮ್ಮ ದನಿಗೆ ಹೊಂದುವ ಎತ್ತರದ ಶ್ರುತಿ ಹಿಡಿದರೆ ಉಳಿದವರು ಬಾಯಿ ಮುಚ್ಚುತ್ತಾರೆ. 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನ ತಂದೆ ಬರುತ್ತಾನೆ: ನಂಬುತ್ತೇನೆ, ಆದರೆ ನನ್ನ ಅಪನಂಬಿಕೆಯಲ್ಲೂ ನೆರವಾಗು ಎಂದು ಕೂಗಿಕೊಳ್ಳುವವನು. ಬಯಾಲಜಿ ಕ್ಲಾಸಿನ ಪ್ರಶ್ನೆ, ಗೆಳತಿಯ ಸಾವು, ಉತ್ತರ ಸಿಗದ ಪ್ರಾರ್ಥನೆ, ಇವನ್ನೆಲ್ಲ ಎದೆಯಲ್ಲಿಟ್ಟುಕೊಂಡು ಬಂದ ಮಕ್ಕಳು ಆ ವಚನದ ಪಕ್ಕದಲ್ಲಿ ಗೆರೆ ಎಳೆಯುತ್ತಾರೆ. ಸಂಶಯ ಪಾಪವೆಂದು ಗದರಿಸಿ ಕಳಿಸಿದ ಎಷ್ಟೋ ಮಕ್ಕಳು ಚರ್ಚಿನಿಂದಲೇ ದೂರವಾಗಿದ್ದಾರೆ. ಆ ತಂದೆಯನ್ನು ಯೇಸು ಗದರಿಸಲಿಲ್ಲ, ಮಗನನ್ನು ಕೈಹಿಡಿದು ಎಬ್ಬಿಸಿದರು.

ಓದಿನ ನಡುವೆ ಒಬ್ಬರು ಎದ್ದು ಹೊರಗೆ ಹೋಗಿ ಅಳುತ್ತಾ ನಿಂತಿರುವುದುಂಟು. ಇದನ್ನು ಮೊದಲೇ ಯೋಚಿಸಿರಬೇಕು. ಹುಡುಗಿಯಾದರೆ ಅಕ್ಕ ಒಬ್ಬರು, ಹುಡುಗನಾದರೆ ಅಣ್ಣ ಒಬ್ಬರು ಹೋಗಬೇಕು. ಬಾಗಿಲು ಮುಚ್ಚಿದ ಕೋಣೆ ಬೇಡ, ಉಳಿದವರಿಗೆ ಕಾಣುವ ವರಾಂಡ ಸಾಕು. ಕೇಳುವುದು ಹೆಚ್ಚು, ಹೇಳುವುದು ಕಡಿಮೆ. ಬದುಕು ಬೇಡವೆನ್ನಿಸುತ್ತದೆ ಎಂಬ ಮಾತು ಬಂದರೆ ಪ್ರಾರ್ಥಿಸಿ ಕಳಿಸಿಬಿಡಬಾರದು, ಒಬ್ಬರೇ ಹಿಂತಿರುಗಲೂ ಬಿಡಬಾರದು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಅಲ್ಲಿಂದಲೇ ಕರೆ ಮಾಡಿಸಬೇಕು, ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ, ಜೊತೆಗೆ ಹೋಗಬೇಕು. ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ‘ನಂಬಿಕೆ ಇದ್ದರೆ ಮಾತ್ರೆ ಬೇಡ’ ಎಂದು ಯಾರೂ ಹೇಳಕೂಡದು. ಹೀಗೆ ಹೇಳಿದವರಿಗೆ ನಾವು ಮತ್ತೆ ಗುಂಪು ಕೊಡುವುದಿಲ್ಲ.

14ನೇ ಅಧ್ಯಾಯದ ಕೊನೆ. ಪೇತ್ರ ಅಂಗಳದಲ್ಲಿ ಬೆಂಕಿ ಕಾಯಿಸುತ್ತಾ, ಸೆರೆಯಾದ ಯೇಸುವಿನ ಬಗ್ಗೆ, ಆ ಮನುಷ್ಯನನ್ನು ನಾನರಿಯೆ ಎನ್ನುತ್ತಾನೆ. ಹಾಲಿನಲ್ಲಿ ಫ್ಯಾನಿನ ಸದ್ದು ಮಾತ್ರ. ಇಲ್ಲಿ ಹಾಡು ಬೇಡ, ವಿವರಣೆಯೂ ಬೇಡ; ಎರಡು ನಿಮಿಷ ಬಿಟ್ಟು 15ಕ್ಕೆ ಹೋಗಬೇಕು.

ಮೂರೂಕಾಲಕ್ಕೆ ಕೊನೆಯ ಅಧ್ಯಾಯ. ಮಾರ್ಕನ ಸುವಾರ್ತೆ ಪೂರ್ತಿಯಾಗಿ ಉಳಿದಿರುವ ಅತಿ ಹಳೆಯ ಗ್ರೀಕ್ ಕೈಬರಹಗಳಾದ ಸಿನಾಯಿಟಿಕಸ್, ವ್ಯಾಟಿಕಾನಸ್ ಎರಡರಲ್ಲೂ ಮಾರ್ಕ 16ರ 8ನೇ ವಚನಕ್ಕೆ ಮುಗಿಯುತ್ತದೆ. ಯೇಸುವಿನ ಬರಿದಾದ ಸಮಾಧಿಯಿಂದ ಓಡಿಹೋದ ಹೆಂಗಸರು ಹೆದರಿ ಯಾರಿಗೂ ಏನೂ ಹೇಳಲಿಲ್ಲ, ಅಷ್ಟೇ. ನಾವು ಅಲ್ಲಿ ನಿಲ್ಲಿಸಿ, ಒಂದು ನಿಮಿಷ ಬಿಟ್ಟು, 9ರಿಂದ 20ರವರೆಗಿನ ಭಾಗವನ್ನೂ ಓದಿಸಿ, ಅದು ಯಾಕೆ ಬೇರೆಯಾಗಿ ಗುರುತಾಗಿದೆ ಎಂದು ಇದ್ದದ್ದು ಇದ್ದ ಹಾಗೆ ಹೇಳುತ್ತೇವೆ. ಯಾವುದೋ ವಿಡಿಯೊ ನೋಡಿ ಮೊದಲ ಬಾರಿಗೆ ತಿಳಿಯುವುದಕ್ಕಿಂತ ಚರ್ಚಿನ ಹಾಲಿನಲ್ಲಿ ನಮ್ಮ ಬಾಯಿಂದಲೇ ತಿಳಿಯಲಿ.

‘ಅವರು ಯಾರಿಗೂ ಹೇಳಲಿಲ್ಲ ಅಂದ್ರೆ ನಮಗೆ ಹೇಗೆ ಗೊತ್ತಾಯ್ತು ಅಕ್ಕಾ?’ ಎಂದು ರಾಜಾಜಿನಗರದ ಹುಡುಗಿ ಕೇಳಿದಳು. ಗುಂಪು ನಡೆಸುತ್ತಿದ್ದ ಎರಡನೇ ವರ್ಷದ ಅಕ್ಕ ಉತ್ತರ ಕೊಡಲಿಲ್ಲ. ಪ್ರಶ್ನೆಯನ್ನು ಮುಂದಿನ ಗುರುವಾರದ ಹಾಳೆಯ ತಲೆಯ ಮೇಲೆ ಬರೆದುಕೊಂಡಳು. ಯಲಹಂಕದ ಹಾಸ್ಟೆಲಿನವರು ಆರರೊಳಗೆ ಗೇಟಿನೊಳಗಿರಬೇಕು, ಹಾಗಾಗಿ ನಾಲ್ಕೂವರೆಗೆ ಪ್ರಾರ್ಥನೆ ಮುಗಿಸಿ ಕುರ್ಚಿಗಳನ್ನು ಮತ್ತೆ ಸಾಲಿಗೆ ಇಟ್ಟೆವು. ಬೀದರಿನ ಹುಡುಗ ತನ್ನ ಚಿತ್ರದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಳಿಸಿಕೊಂಡು ಪಾತ್ರೆ ತೊಳೆಯಲು ಹೋದ.