ಈ ಕೂಸಿಗೆ 92 ಸಾಕ್ರಿ

ನನ್ನ ತಂಗಿ 33 ವಾರಕ್ಕೇ ಹಡೆದಳು. ಬಾದಾಮಿ ಹತ್ತಿರದ ನಮ್ಮೂರಿನಿಂದ ಹಿಂದಿನ ದಿನವೇ ಬಾಗಲಕೋಟೆಗೆ ಕರೆತಂದಿದ್ದೆವು. ನೋವು ಶುರುವಾಗಿದೆ ಅಂದ ಕೂಡಲೇ ಡಾಕ್ಟರು ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಡಿಸಿದರು. ಚುಚ್ಚುವುದು ತಾಯಿಗೆ, ಬಲಿಯುವುದು ಹೊಟ್ಟೆಯೊಳಗಿನ ಕೂಸಿನ ಶ್ವಾಸಕೋಶ.

ಕೂಸು ಹುಟ್ಟಿದ ಕೂಡಲೇ ಅತ್ತಿತು. ನಮಗೆ ಅಷ್ಟೇ ಸಾಕಾಗಿತ್ತು. ಸ್ವಲ್ಪ ಹೊತ್ತಿಗೆ ಉಸಿರುಸಿರಿಗೂ ಸಣ್ಣಗೆ ನರಳತೊಡಗಿತು. "ಹಸಿವಾಗೇತಿ ಅದಕ್ಕ" ಅಂದಳು ಅವ್ವ. ಸಿಸ್ಟರ್ ಬಟ್ಟೆ ಸರಿಸಿ, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದರು. 60 ದಾಟಬಾರದು, ಇದು 72. ಮೂಗಿನ ಹೊಳ್ಳೆ ಅರಳುತ್ತಿದ್ದವು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಹೋಗುತ್ತಿತ್ತು. "ಹಾಲು ಬ್ಯಾಡ್ರಿ ಈಗ" ಅಂದವರೇ ಎತ್ತಿಕೊಂಡು ಹೋದರು.

ಉಸಿರು ಬಿಟ್ಟಾಗ ಶ್ವಾಸಕೋಶದ ಸಣ್ಣ ಗಾಳಿಚೀಲಗಳು ಮುದುಡಿ ಅಂಟಿಕೊಳ್ಳದಂತೆ ಒಳಗೆ ಸರ್ಫ್ಯಾಕ್ಟೆಂಟ್ ಅನ್ನೋ ಜಿಡ್ಡಿನಂಥ ಪದಾರ್ಥ ಇರುತ್ತದಂತೆ. ಬೇಗ ಹುಟ್ಟಿದ ಕೂಸುಗಳಿಗೆ ಅದು ಸಾಲದು. ಆ ನರಳಿಕೆ, ಒಳಗಿನ ಗಾಳಿ ಪೂರ್ತಿ ಖಾಲಿಯಾಗದಂತೆ ಕೂಸು ತಾನೇ ಮಾಡುವ ಹೋರಾಟ. ಮೂಗಿಗೆ ಹಾಕಿದ ಸಿಪ್ಯಾಪ್, ಅಂದರೆ ಒಂದೇ ಸಮನೆ ಒತ್ತಡದಲ್ಲಿ ಗಾಳಿ ಕೊಡುವ ಸಾಧನ, ಕೂಡ ಅದೇ ಕೆಲಸ ಮಾಡುತ್ತದೆ. ಅದರ ಪೈಪಿನ ಒಂದು ತುದಿ ನೀರಿನ ಬಾಟಲಿಯಲ್ಲಿ 5 ಸೆಂಟಿಮೀಟರ್ ಮುಳುಗಿತ್ತು. ಎಷ್ಟು ಆಳವೋ ಅಷ್ಟು ಒತ್ತಡ. ಗುಳುಗುಳು ಸದ್ದು ನಿಂತರೆ ಎಲ್ಲೋ ಗಾಳಿ ಸೋರುತ್ತಿದೆ ಅಂತ ಲೆಕ್ಕ. ಸದ್ದು ನಿಂತಾಗಲೆಲ್ಲ ಸಿಸ್ಟರ್ ಬಂದು ಮೂಗಿನ ನಳಿಕೆ ಸರಿಮಾಡುತ್ತಿದ್ದರು. ಇದಕ್ಕೂ ಬಗ್ಗದಿದ್ದರೆ ಸರ್ಫ್ಯಾಕ್ಟೆಂಟನ್ನೇ ಶ್ವಾಸನಾಳಕ್ಕೆ ಬಿಡುತ್ತಾರೆ. ನಮ್ಮ ಕೂಸಿಗೆ ಅದು ಬೇಕಾಗಲಿಲ್ಲ.

ಮಾನಿಟರ್ ನೋಡಿದರೆ ಆಕ್ಸಿಜನ್ 92. ನನ್ನ ಎದೆ ಧಸಕ್ಕೆಂದಿತು. 2021ರಲ್ಲಿ ಅಪ್ಪನಿಗೆ ಕೋವಿಡ್ ಬಂದಾಗ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ರಾತ್ರಿಯೆಲ್ಲ ಕಾದವರು ನಾವು. 94ಕ್ಕಿಂತ ಇಳಿದರೆ ದವಾಖಾನೆಗೆ ಓಡಬೇಕು ಅನ್ನೋದು ತಲೆಯಲ್ಲಿ ಕೂತುಬಿಟ್ಟಿದೆ.

"ಸರ್, ಆಕ್ಸಿಜನ್ ಸ್ವಲ್ಪ ಜಾಸ್ತಿ ಮಾಡ್ರಿ."

"ಈ ಕೂಸಿಗೆ 92 ಸಾಕ್ರಿ. 90ರಿಂದ 95ರ ಒಳಗ ಇಡ್ತೀವಿ. ಜಾಸ್ತಿ ಕೊಟ್ರ ಕಣ್ಣಿಗೆ ಪೆಟ್ಟು."

ದಿನ ತುಂಬದೆ ಹುಟ್ಟಿದವರ ಕಣ್ಣಿನ ಪರದೆಯ ರಕ್ತನಾಳ ಇನ್ನೂ ಬೆಳೆಯುತ್ತಿರುತ್ತವೆ. ಆಕ್ಸಿಜನ್ ಮಿತಿಮೀರಿದರೆ ಅವು ಅಡ್ಡಾದಿಡ್ಡಿ ಬೆಳೆಯಬಹುದು, ದೃಷ್ಟಿಯೂ ಹೋಗಬಹುದು. ಅಪ್ಪನ ಲೆಕ್ಕ ಮೊಮ್ಮಗನಿಗೆ ನಡೆಯುವುದಿಲ್ಲ ಅಂತ ನನಗೆ ಆಗಲೇ ಗೊತ್ತಾಗಿದ್ದು. ಆದರೂ ಸುಮ್ನೆ ಕೂರಲಾಗಲಿಲ್ಲ, ಮಾನಿಟರ್ ಮೇಲೆ 91 ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ.

ಮನೆಗೆ ಕಳಿಸುವಾಗ, ಹುಟ್ಟಿ ನಾಲ್ಕು ವಾರಕ್ಕೆ ಕಣ್ಣಿನ ತಪಾಸಣೆ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಉಸಿರಿನ ತೊಂದರೆಗೆ ಕಣ್ಣಿನ ಡಾಕ್ಟರ್ ಯಾಕೆ ಅಂತ ಅವ್ವ ದಾರಿಯುದ್ದಕ್ಕೂ ಕೇಳಿದಳು. ಕೆರೂರು ದಾಟುವವರೆಗೂ ವಿವರಿಸುತ್ತಲೇ ಇದ್ದೆ.