ನಾಳೆ ಬಾ

ಹೋದ ದೀಪಾವಳಿಗೆ ಗುಬ್ಬಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಅಕ್ಕನ ಮಗನೂ ಬಂದಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ. ಹಬ್ಬದ ಮಾರನೇ ದಿನ ನನ್ನನ್ನು ತುಮಕೂರಿಗೆ ಎಳೆದುಕೊಂಡು ಹೋಗಿ ಒಂದು ಹೊಸ ಹಾರರ್ ಸಿನಿಮಾ ತೋರಿಸಿದ. ಟಿಕೆಟ್ ದುಡ್ಡು ಮಾತ್ರ ನನ್ನದು.

ಸಿನಿಮಾ ಶುರುವಾಗಿ ಕಾಲು ಗಂಟೆಗೆಲ್ಲ ಅದರ ಗುಟ್ಟು ಹೇಳಿಕೊಟ್ಟ. "ಮಾವ, ಮ್ಯೂಸಿಕ್ ನಿಂತ್ರೆ ಎಣಿಸಿ. ಐದಕ್ಕೆ ಬರುತ್ತೆ."

ಸದ್ದು ನಿಂತಿತು. ನಾಯಕಿ ಬೀರು ಬಾಗಿಲು ತೆಗೆದಳು. ಒಂದು, ಎರಡು, ಮೂರು, ನಾಲ್ಕು... ಢಬ್! ಬಾಯ್ತುಂಬ ರಕ್ತ, ಹಿಂದಕ್ಕೆ ತಿರುಗಿದ ಕತ್ತು. ಬೆಚ್ಚಿಬಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಕುಕ್ಕರ್ ಸೀಟಿ ಹೊಡೆದರೂ ನಾನು ಬೆಚ್ಚುತ್ತೇನೆ. ಅದು ಹೆದರಿಕೆ ಅಲ್ಲ ಅಲ್ವಾ? ವಾಪಸ್ ಬರುವಾಗ ಬಸ್ಸಲ್ಲಿ ಇದನ್ನೇ ಅಂದೆ. "ಹಾಗಾದ್ರೆ ನಿಮ್ಮ ಹಳೇದು ಯಾವುದಾದ್ರೂ ತೋರಿಸಿ, ನೋಡೇಬಿಡೋಣ" ಅಂದ.

ರಾತ್ರಿ ಊಟ ಮುಗಿಸಿ ನಡುಮನೆಯಲ್ಲಿ ಚಾಪೆ ಹಾಸಿ ಲ್ಯಾಪ್‌ಟಾಪ್ ತೆರೆದೆ. 'ಸೈಕೋ' ಹಾಕೋಣ ಅಂದರೆ ಬಚ್ಚಲುಮನೆಯ ದೃಶ್ಯ ಅವನಿಗೆ ಆಗಲೇ ಗೊತ್ತು. ಅಲ್ಲಿ ಹರಿಯುವ ರಕ್ತ ಚಾಕೊಲೇಟ್ ಸಿರಪ್ ಅನ್ನುವುದೂ ಗೊತ್ತು. ಅದಕ್ಕೇ 1963ರ 'ದಿ ಹಾಂಟಿಂಗ್' ಹಾಕಿದೆ. ಮಾಡಿದವನು ರಾಬರ್ಟ್ ವೈಸ್. ಎರಡೇ ವರ್ಷದ ನಂತರ ಹಾಡು ತುಂಬಿದ 'ದಿ ಸೌಂಡ್ ಆಫ್ ಮ್ಯೂಸಿಕ್' ಮಾಡಿದ ಪುಣ್ಯಾತ್ಮನೇ ಇವನು!

"ಬ್ಲ್ಯಾಕ್ ಅಂಡ್ ವೈಟಾ? ನಿದ್ದೆ ಬಂದ್ರೆ ಬೈಬೇಡಿ ಮಾವ."

ಅರ್ಧ ಗಂಟೆ ಫೋನ್ ತಿರುವಿಕೊಂಡೇ ಕೂತಿದ್ದ. ಎಲಿನಾರ್ ಅನ್ನುವ ಹೆಣ್ಣುಮಗಳು. ವರ್ಷಗಟ್ಟಲೆ ಹಾಸಿಗೆ ಹಿಡಿದ ತಾಯಿಯ ಸೇವೆ ಮಾಡಿದವಳು. ಏನಾದರೂ ಬೇಕಾದರೆ ಆ ತಾಯಿ ಗೋಡೆ ಬಡಿಯುತ್ತಿದ್ದಳು. ಸತ್ತ ರಾತ್ರಿಯೂ ಬಡಿದಿದ್ದಳು, ಇವಳು ಏಳಲಿಲ್ಲ. ಈಗ ಒಂದು ಹಳೇ ಬಂಗಲೆಯಲ್ಲಿ ಮಲಗಿದ್ದಾಳೆ. ನಡುರಾತ್ರಿ ಧಡ್ ಧಡ್ ಅಂತ ಸದ್ದು. ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಹೊತ್ತಲ್ಲಿ, ಬಂದೆ ಅಮ್ಮ ಅಂತ ಏಳುತ್ತಾಳೆ. ಬಡಿಯುತ್ತಿರುವುದು ದೆವ್ವವೋ, ಅವಳ ಮನಸ್ಸೋ?

ಸದ್ದು ಹತ್ತಿರ ಬಂತು. ಹುಡುಗ ಫೋನ್ ಬೋರಲು ಹಾಕಿ ಎಣಿಸತೊಡಗಿದ. ಐದಾಯಿತು. ಹತ್ತಾಯಿತು. ಏನೂ ಬರಲಿಲ್ಲ. ಬಾಗಿಲ ಹಿಡಿ ಮೆಲ್ಲಗೆ ತಿರುಗಿತು, ಅಷ್ಟೇ. ಎಣಿಸುವುದು ಬಿಟ್ಟು ಚಾಪೆ ಮೇಲೆ ನನ್ನ ಕಡೆಗೆ ಸರಿದ.

ಅಷ್ಟರಲ್ಲಿ ಕೋಣೆಯೊಳಗಿಂದ ಅಮ್ಮ, "ಯಾರ್ಲಾ ಅದು ಬಾಗ್ಲು ಬಡೀತಿರೋದು? ತೆಗೀಬ್ಯಾಡ್ರಿ!" ಅಂದರು. ಅಮ್ಮನಿಗೆ ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ. ಪರದೆ ಅವರಿಗೆ ಕಾಣುತ್ತಲೂ ಇರಲಿಲ್ಲ.

ಹುಡುಗನಿಗೆ ಆಗ 'ನಾಳೆ ಬಾ' ಕಥೆ ಹೇಳಿದೆ. ತೊಂಬತ್ತರ ದಶಕ, ನಾನಿನ್ನೂ ಸ್ಕೂಲ್ ಹುಡುಗ. ರಾತ್ರಿ ಒಬ್ಬಳು ಬಂದು ಗೊತ್ತಿರುವವರ ದನಿಯಲ್ಲೇ ಹೆಸರು ಹಿಡಿದು ಕರೀತಾಳೆ, ಓಗೊಟ್ಟರೆ ಮುಗೀತು ಅಂತ ಸುದ್ದಿ. ನಮ್ಮ ಬೀದಿಯ ಬಾಗಿಲ ಮೇಲೆಲ್ಲ ಇದ್ದಿಲಲ್ಲಿ, ಸೀಮೆಸುಣ್ಣದಲ್ಲಿ 'ನಾಳೆ ಬಾ'. ಅವಳು ಓದಿಕೊಂಡು ಹೋಗಬೇಕು, ಮಾರನೇ ದಿನ ಬಂದರೆ ಮತ್ತೆ ಅದೇ. ಬರೆದವರಲ್ಲಿ ಅರ್ಧ ಜನಕ್ಕೆ ಓದಲು ಬರುತ್ತಿರಲಿಲ್ಲ, ದೆವ್ವಕ್ಕೆ ಮಾತ್ರ ಬರುತ್ತೆ ಅಂತ ಎಲ್ಲರಿಗೂ ನಂಬಿಕೆ! ಅವಳು ಹೇಗಿದ್ದಾಳೆ ಅಂತ ಯಾರೂ ಹೇಳಲಿಲ್ಲ. ಹಾಗಾಗಿ ಒಬ್ಬೊಬ್ಬರಿಗೂ ಒಂದೊಂದು ಮುಖ. ನನಗಂತೂ ಅವಳು ಸತ್ತುಹೋದ ದೊಡ್ಡಮ್ಮನ ಹಾಗೇ ಇದ್ದಳು. ಕಂಪ್ಯೂಟರಲ್ಲಿ ಎಷ್ಟು ಚೆನ್ನಾಗಿ ಮಾಡಿದರೂ ಸಿನಿಮಾದವರಿಗೆ ನನ್ನ ದೊಡ್ಡಮ್ಮ ಎಲ್ಲಿಂದ ಸಿಗಬೇಕು?

ಹಳೇದೆಲ್ಲ ಚಿನ್ನ ಅಂತ ಹೇಳುತ್ತಿಲ್ಲ. ದಾರ ಕಾಣುವ ಬಾವಲಿಗಳನ್ನೂ ನೋಡಿದ್ದೇನೆ. ಅಮ್ಮನನ್ನು ಕೇಳಿದರೆ ಎಲ್ಲಕ್ಕಿಂತ ಭಯದ ಸಿನಿಮಾ 'ಶರಪಂಜರ' ಅನ್ನುತ್ತಾರೆ. ಅದರಲ್ಲಿ ದೆವ್ವವೇ ಇಲ್ಲ. ವಾಸಿಯಾಗಿ ಮನೆಗೆ ಬಂದ ಕಲ್ಪನಾಳನ್ನು ಸುತ್ತಲಿನವರೇ ಮತ್ತೆ ಹುಚ್ಚಿ ಮಾಡುತ್ತಾರೆ. ಮತ್ತೊಮ್ಮೆ ನೋಡಲು ಅಮ್ಮ ಇವತ್ತಿಗೂ ಒಪ್ಪುವುದಿಲ್ಲ.

ಸಿನಿಮಾ ಮುಗಿಯಿತು. ಕೊನೆವರೆಗೂ ದೆವ್ವ ತೋರಿಸಲೇ ಇಲ್ಲ. "ಮೋಸ ಮಾವ" ಅಂದ. ದನಿ ಮಾತ್ರ ಮೆತ್ತಗಿತ್ತು.

ನಮ್ಮ ಬಚ್ಚಲು ಇನ್ನೂ ಹಿತ್ತಿಲಲ್ಲೇ ಇದೆ. ಟಾರ್ಚ್ ಹಿಡಿದು ಹೋದೆ. ತೋಟದಲ್ಲೆಲ್ಲೋ ತೆಂಗಿನ ಗರಿ ಧಡ್ ಅಂತ ಬಿತ್ತು. ಬೇಗ ಬೇಗ ವಾಪಸ್ ಬಂದೆ. ಬಾಗಿಲಿಗೆ ಒಳಗಿಂದ ಚಿಲಕ ಬಿದ್ದಿದೆ. ಬಡಿದೆ. ಸದ್ದಿಲ್ಲ.

"ಲೇ, ಬಾಗಿಲು ತೆಗಿಯೋ."

ಒಳಗೆ ಬಳೆ ಸದ್ದಾಯಿತು. ಪಿಸುಮಾತು ಕೇಳಿಸಿತು.

"ಅಮ್ಮಾ, ನಾನು."

"ಸುಮ್ಕಿರ್ಲಾ," ಅಮ್ಮ ಒಳಗೆ ಮೊಮ್ಮಗನಿಗೆ ಹೇಳುತ್ತಿದ್ದರು, "ಮೂರ್ ಸಲ ಕರೀಲಿ."

ಟಾರ್ಚ್ ಆಫ್ ಆಗಿತ್ತೋ, ನಾನೇ ಆಫ್ ಮಾಡಿದ್ದೆನೋ. ಮೂರನೇ ಸಲ ಕರೆದಾಗ ಬಂದದ್ದು ನನ್ನದೇ ದನಿ ಅಂತ ನನಗೇ ಅನ್ನಿಸಲಿಲ್ಲ.