ಹೈಡ್ರಾದಲ್ಲಿ ಕೋಹೆನ್ ಮನೆ ಹುಡುಕುತ್ತಾ

ಗ್ರೀಸಿನ ಹೈಡ್ರಾ ದ್ವೀಪದಲ್ಲಿ ಕಾರುಗಳ ಓಡಾಟವಿಲ್ಲ. ಪಿರೇಯಸ್ ಬಂದರಿನಿಂದ ಬಂದಿಳಿದವರ ಸೂಟ್‌ಕೇಸುಗಳನ್ನು ಹೇಸರಗತ್ತೆಗಳೇ ಹೊರಬೇಕು. ನನ್ನ ಹತ್ತಿರ ಹೆಗಲಿಗೊಂದು ಬ್ಯಾಗು ಅಷ್ಟೇ. ಸೀದಾ ಮೆಟ್ಟಿಲು ಹತ್ತಿದೆ. ಲಿಯೊನಾರ್ಡ್ ಕೋಹೆನ್ ಇದ್ದ ಮನೆ ನೋಡಬೇಕಿತ್ತು.

ಕೋಹೆನ್ ಹುಟ್ಟಿದ್ದು 1934ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. ಹಾಡುಗಾರ ಅಂತಲೇ ಜಾಸ್ತಿ ಜನಕ್ಕೆ ಗೊತ್ತು. ಆದರೆ 1960ರಲ್ಲಿ ಅಜ್ಜಿಯಿಂದ ಬಂದ ದುಡ್ಡಿನಲ್ಲಿ 1500 ಡಾಲರ್ ಕೊಟ್ಟು ಈ ಮನೆ ಕೊಂಡಾಗ ಅವರು ಇನ್ನೂ ಕವಿ ಮಾತ್ರ. ಕರೆಂಟಿಲ್ಲ, ನಲ್ಲಿ ನೀರಿಲ್ಲ. ಸೀಮೆಎಣ್ಣೆ ದೀಪದಲ್ಲೇ ಬದುಕು. ಇಲ್ಲೇ ಕೂತು ಕವಿತೆ ಬರೆದರು, ಕಾದಂಬರಿಯನ್ನೂ ಬರೆದರು. ಹೆಸರು ಬಂತು, ಹೊಟ್ಟೆಪಾಡು ನಡೆಯಲಿಲ್ಲ. ಹುಡುಗನಾಗಿದ್ದಾಗಿಂದ ನುಡಿಸುತ್ತಿದ್ದ ಗಿಟಾರ್ ಮುಂದಕ್ಕೆ ಬಂದದ್ದು ಆಗ. ಮೊದಲ ಆಲ್ಬಂ ಹೊರಬಂದದ್ದು 1967ರ ಡಿಸೆಂಬರಿನಲ್ಲಿ, ಅವರ 33ನೇ ವಯಸ್ಸಿಗೆ.

ದುಡ್ಡಿಗಾಗಿ ಕವಿತೆ ಬಿಟ್ಟರು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಆಲ್ಬಂನ ಮೊದಲ ಹಾಡು 'ಸುಝಾನ್' ಹಿಂದಿನ ವರ್ಷವೇ ಅವರ ಕವನ ಸಂಕಲನದಲ್ಲಿ ಅಚ್ಚಾಗಿತ್ತು. ಕವಿತೆ ಎಲ್ಲೂ ಹೋಗಿರಲಿಲ್ಲ, ಅದಕ್ಕೊಂದು ದನಿ ಸೇರಿತ್ತು ಅಷ್ಟೇ ಅಲ್ವಾ?

ಮನೆ ಸಿಕ್ಕಿತು. ಎತ್ತರದ ಬಿಳಿ ಗೋಡೆ, ಒಳಗೇನೂ ಕಾಣದು. ಅವರ ಎರಡನೇ ಆಲ್ಬಂನ ಹಿಂಬದಿಯ ಫೋಟೋದಲ್ಲಿ ಅವರ ಸಂಗಾತಿ ಮರಿಯಾನ್ ಇದೇ ಮನೆಯಲ್ಲಿ ಟೈಪ್‌ರೈಟರ್ ಮುಂದೆ ಕೂತಿದ್ದಾರೆ. ಆ ಕೋಣೆಯ ಕಿಟಕಿ ಯಾವುದಿರಬಹುದು ಅಂತ ಓಣಿಯಲ್ಲಿ ಅತ್ತಿತ್ತ ನಡೆದೆ. ಬಾಗಿಲು ತಟ್ಟಲು ಮನಸ್ಸಾಗಲಿಲ್ಲ.

ತಲೆಯೆತ್ತಿದರೆ ವೈರುಗಳು. ಒಂದು ಸೂರಿನಿಂದ ಇನ್ನೊಂದಕ್ಕೆ ಜೋತು, ನಡುವೆ ಗಂಟುಬಿದ್ದು, ಕರ್ರಗೆ ಹೋಗಿದ್ದವು. ನನಗೆ ರೋಮಾಂಚನವಾಯಿತು. ದ್ವೀಪಕ್ಕೆ ಫೋನ್ ತಂತಿ ಬಂದಾಗ ಕೋಹೆನ್ ಬೇಜಾರಾಗಿದ್ದರು. ದೂರ ಬಂದರೂ ನಾಗರಿಕತೆ ಬೆನ್ನುಬಿಡಲಿಲ್ಲವಲ್ಲ ಅನ್ನಿಸಿತ್ತು ಅವರಿಗೆ. ಆಮೇಲೆ ಆ ತಂತಿಯ ಮೇಲೆ ಹಕ್ಕಿಗಳು ಬಂದು ಕೂರತೊಡಗಿದವು. ಕುಗ್ಗಿಹೋಗಿದ್ದ ಅವರ ಕೈಗೆ ಮರಿಯಾನ್ ಗಿಟಾರ್ ಕೊಟ್ಟರು. 'ಬರ್ಡ್ ಆನ್ ದ ವೈರ್' (ತಂತಿಯ ಮೇಲಿನ ಹಕ್ಕಿ) ಹಾಡು ಶುರುವಾದದ್ದು ಹಾಗೆ. ಮುಗಿದದ್ದು ಮಾತ್ರ ಹಾಲಿವುಡ್‌ನ ಒಂದು ಮೋಟೆಲ್‌ನಲ್ಲಿ. ಅವಸರ ಮಾಡದೆ ಒಂದು ಹಾಡನ್ನು ದೇಶದಿಂದ ದೇಶಕ್ಕೆ ಹೊತ್ತು ತಿರುಗುವ ಆ ತಾಳ್ಮೆಯೇ ನನಗೆ ಅವರಲ್ಲಿ ಎಲ್ಲಕ್ಕಿಂತ ಇಷ್ಟ.

ಹಡಗಿಗೆ ಇನ್ನೂ ಹೊತ್ತಿತ್ತು. ಪಕ್ಕದ ಹಳ್ಳಿ ಕಮಿನಿ ಕಡೆ ಹೋಗುವ ದಾರಿಯಲ್ಲಿ ಅವರ ನೆನಪಿಗೊಂದು ಬೆಂಚಿದೆ ಎಂದು ಅಂಗಡಿಯವರೊಬ್ಬರು ಹೇಳಿದರು. ಬ್ಯಾಗು ಏರಿಸಿಕೊಂಡು ಆ ಕಡೆ ಹೊರಟೆ.